ಹಾಲಸಿದ್ದನ ಪುಕಾರು

ಸತ್ತಿ ಊರಿನ ಬಸ್ ಇಳಿದಾಗ ಪೂರಾ ಕತ್ತಲಾಗಿತ್ತಂತ. ನಮ್ಮ ಸ್ವಾದರಮಾವನ ಮಗಳು ಮಾಯಾ, ಹೊಲದಾಗಿನ ಹಳೇ ಬಾವಿ ಹಾದಿ ಹಿಡದಾಳ. ಒಬ್ಬಾಕೇನ. ಹೋಗ್ಲಿ, ಬಾಯಿ ಆದ್ರೂ ಸುಮ್ಮನ ಇಟಗೋಬೇಕೋ ಬ್ಯಾಡೋ?

ಆಕಿ ಲಾ ಕಾಲೇಜಿನ್ಯಾಗ ಓದತಾಳ. ಮರುದಿನ ಕಾಲೇಜಿನ ಸುವರ್ಣ ಮಹೋತ್ಸವ. ಅಲ್ಲಿ ಕಲಿತ ಮೊದಲನೇ ವಕೀಲರು ಗೆದ್ದ ಖಟ್ಲೆ ನಾಟಕ ಮಾಡವರಿದ್ರು. ಅದು ನಮ್ಮೂರ ಹಾಲಸಿದ್ದನ ಹೊಲದ ಖಟ್ಲೆ; ಆ ವಕೀಲರು ಅವನ ಎದುರಿನವರ ಕಡೆ. ಹೊಳಿ ತುಂಬಿ ದೋಣಿ ನಿಂತು, ಮುದುಕಗ ಕೋರ್ಟ್ ಮುಟ್ಟೂದು ತಡ ಆತು. ಕೋರ್ಟಿನ ಜವಾನ, ಪಟ್ಟೇವಾಲಾ, ಮೂರು ಸಲ ಹೆಸರು ಕೂಗಿ ಪುಕಾರ ಹಾಕಿದ. ಯಾರೂ ಓ ಅನಲಿಲ್ಲ. ಖಟ್ಲೆ ವಜಾ, ಹೊಲ ಹೋತು. ಆ ಹೊಲದ ಬಾವಿಗೇ ಹಾರಿದ ಅವ. ಹೌದು... ಇದ ಬಾವಿ.

ಮಾಯಾಂದು ಪಟ್ಟೇವಾಲಾನ ಪಾರ್ಟು. ತಾಲೀಮು ಮಾಡಕೋತ ನಡದಾಳ. ಸತ್ತವರ ಹೆಸರು ಕತ್ತಲಾಗ ಕೂಗಬ್ಯಾಡ್ರಿ ಅಂತ ನಮ್ಮವ್ವ ಎಷ್ಟು ಹೇಳ್ಯಾಳ...

"ಹಾಲಸಿದ್ದಾ... ಹಾಜರ್ ಹೈ?"

ಗಾಳಿ ಇಲ್ಲ. ಕಬ್ಬಿನ ಒಣ ಎಲಿ, ರವದಿ, ಸರ್ರ್ ಅಂತು.

ಎರಡನೇದ್ದಕ್ಕ ಬಾವ್ಯಾಗ ನೀರು ಬುಳುಕ್ ಅಂತು.

ಮೂರನೇದ್ದು...

"ಬಂದೇನ್ರೀ..."

ಬೆನ್ನ ಹಿಂದ.

"ಯಾ... ಯಾರು?"

"ನಾನವ್ವಾ. ಈ ಸಲ ತಡಾ ಮಾಡಿಲ್ಲ. ನಂದೂ ಒಂದ್ಮಾತು ಕೇಳ್ರಿ ಅಂತ ಜಡ್ಜ್ ಸಾಹೇಬ್ರಿಗೆ ಹೇಳು."

"ಹೇಳತೇನಿ ಅಜ್ಜಾ" ಅಂದಬಿಟ್ಟಳು, ಹೆದರಿಕಿಗೆ.

ರಾತ್ರಿ ನನಗಷ್ಟ ಹೇಳಿದಳು. ನಾಳಿ ಹೋಗಬ್ಯಾಡಲೇ ಅಂದೆ. "ಮಾತು ಕೊಟ್ಟೀನಿ" ಅಂದಳು.

ಮರುದಿನ ನಾನೂ ಹೋದೆ. ಹಾಲ್ ತುಂಬ ಮಂದಿ. ಎಷ್ಟು ಜಡ್ಜರು ಇಲ್ಲಿಂದ ಹೋಗ್ಯಾರ ಅಂತ ಭಾಷಣ, ಶಾಲು, ಹಾರ. ಆಮ್ಯಾಲ ನಾಟಕ. ಮಾಯಾ ಮೂರು ಸಲ ಕೂಗಿದಳು. ಜಡ್ಜನ ಪಾರ್ಟು ಮಾಡಿದ ಸುರಜ ತನ್ನ ಮಾತು ಹೇಳಿದ: "ವಾದಿ ಗೈರು. ಖಟ್ಲೆ ವಜಾ."

"ಬಂದಾನ್ರಿ ಸಾಹೇಬ್ರ!" ಮಾಯಾ ಕಿರುಚಿದಳು. "ಕಟಕಟಿಯೊಳಗ ಕೈ ಮುಗದು ನಿಂತಾನ್ರಿ... ಒಂದ್ ಸಲ ಕೇಳ್ರಿ ಅವಂದು!"

ಕಟಕಟಿ ಖಾಲಿ. ಮಂದಿ ಪಟಪಟ ಚಪ್ಪಾಳಿ ಹೊಡದ್ರು. ಏನ್ ಆ್ಯಕ್ಟಿಂಗ್ ಅಂದ್ರು! ಆಕಿ ಸುರಜನ ಕಾಲು ಹಿಡಕೊಂಡು ಅಳಾಕತ್ತಳು. ಚಪ್ಪಾಳಿ ಇನ್ನೂ ಜೋರಾತು. ಸುರಜ ನಗು ತಡಕೊಂಡು ಸುತ್ತಿಗಿ ಬಡದ... ಠಕ್. ಪಡದಿ ಬಿತ್ತು.

ನಾ ಪಡದಿ ಸರಿಸಿ ಸ್ಟೇಜ್ ಹತ್ತಿದೆ. ಓಡಿ ಹೋಗಿ ಕಟಕಟಿಯೊಳಗ ಬಗ್ಗಿ ನೋಡಿದೆ. ಕೆಳಗ ಒಂದು ಅರಿವಿ ಗಂಟು. ನಮ್ಮ ಮಂದಿ ಕೋರ್ಟಿಗೆ ಹೋಗುಮುಂದ ಕಟಗೊಂಡು ಹೋಗ್ತಾರಲ್ಲ, ಅಂಥಾ ಬುತ್ತಿ. ಸುಳ್ಳಂತೀರೇನು? ಈ ಕೈಲೆ ಬಿಚ್ಚೀನಿ ನಾ. ಎರಡು ಜ್ವಾಳದ ರೊಟ್ಟಿ, ಒಂದು ಉಳ್ಳಾಗಡ್ಡಿ.

ರೊಟ್ಟಿ ಇನ್ನೂ ಬಿಸಿ ಇದ್ದೂವು.