ಆಚೆ ದಡದಲ್ಲಿ ನಿಂತವಳು

ಫೋಟೋ ಪ್ರಿಂಟ್ ಹಾಕುವ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಅಪ್ಪ, ಮಗಳು ಕೂತಿದ್ದರು. ಅಪ್ಪನ ತೊಡೆಯ ಮೇಲೆ ಮೊಳದುದ್ದದ ಲೆನ್ಸಿನ ಕ್ಯಾಮೆರಾ. ಮಗಳು ಅದರ ಪರದೆಯಲ್ಲಿ ಚಿತ್ರಗಳನ್ನು ಸರಿಸುತ್ತಿದ್ದಳು.

“ಬರೀ ಹಕ್ಕಿಗಳೇ ಅಲ್ವಾಪ್ಪ! ಅಮ್ಮ ಹೋದ್ಮೇಲೆ ಗೋಡೆಗೆ ಹಾಕೋಕೆ ಅವಳದೊಂದು ಫೋಟೋನೂ ಇಲ್ವಾ?”

“ಇದು ದೂರದ್ದು ತೆಗೆಯೋ ಲೆನ್ಸಮ್ಮ. ಎಂಟಡಿ ಒಳಗಿರೋದು ಇದಕ್ಕೆ ಕಾಣಲ್ಲ.”

“ಹನ್ನೆರಡು ವರ್ಷ ಕ್ಯಾಮೆರಾ ಸ್ಟ್ಯಾಂಡ್ ಹೊತ್ಕೊಂಡು ನಿಮ್ಮ ಜೊತೆ ಕೆರೆ ಕೆರೆ ಸುತ್ತಿದ್ಲು.”

“ಪಕ್ಕದಲ್ಲೇ ಇರ್ತಿದ್ಲಲ್ಲ, ಅದಕ್ಕೇ.”

“ನನ್ನ ಫೋನಲ್ಲಿರೋದು ಆಸ್ಪತ್ರೆದು.”

“ಅದು ಬೇಡ.”

ಅಪ್ಪ ಲೆನ್ಸಿನ ಮೇಲಿನ ಧೂಳು ಒರೆಸಿದರು.

“ಒಂದ್ಸಲ ಅವಳೇ ಕೇಳಿದ್ಲು, ಆಚೆ ದಡಕ್ಕೆ ಹೋಗಿ ನಿಂತ್ರೆ ನನ್ನದೂ ತೆಗೀತೀರಾ ಅಂತ. ಕೆರೆ ಸುತ್ಕೊಂಡು ಹೋಗಿ, ಕೂದಲು ಸರಿ ಮಾಡ್ಕೊಂಡು ನಿಂತ್ಲು.”

“ಎಲ್ಲಿ ಆ ಫೋಟೋ?”

“ಅಷ್ಟರಲ್ಲಿ ಮಿಂಚುಳ್ಳಿ ಬಂದು ಎದುರಿಗೆ ಕೂತ್ಬಿಡ್ತು.”

ಮಗಳು ಹಿಂದಕ್ಕೆ ಸರಿಸುತ್ತಾ ಹೋಗಿ ಒಂದು ಚಿತ್ರದಲ್ಲಿ ನಿಲ್ಲಿಸಿದಳು.

“ಇದಾ? ಹಿಂದೆ ಹಳದಿ ಮಸುಕು ಇದ್ಯಲ್ಲ…”

“ಅವಳೇ.”

ಕೌಂಟರಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು. ಅಂಗಡಿಯವನ ಮಾತು ಮಾತ್ರ ನನಗೆ ಕೇಳಿಸಿತು.

“ಹಕ್ಕಿ ಎಷ್ಟು ಚೆನ್ನಾಗಿ ಬಂದಿದೆ ಸಾರ್! ಹಿಂದಿನ ಆ ಹಳದಿ ಅಳಿಸಿಬಿಡ್ಲಾ?”