ಅಕ್ಕ ನುಂಗಿ ಬಂದ ಮಾತ್ರೆ

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಹಿರಿಯ ವೈದ್ಯರೇ, ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ವಾರ್ಡಿನ ಸಿಸ್ಟರುಗಳೇ, ಲಿಫ್ಟು ಕೆಟ್ಟಿದ್ದರೂ ಮೆಟ್ಟಿಲು ಹತ್ತಿ ಬಂದಿರುವ ಸಭಿಕರೇ,

ನನ್ನನ್ನು ಹೊಗಳಿಯಾಯಿತು, ಹೂಗುಚ್ಛ ಕೊಟ್ಟಾಯಿತು. ಇನ್ನು ನಾನು ಎರಡು ಮಾತು ಆಡಬೇಕಂತೆ. ದಣಿದಿದ್ದೇನೆ, ಸುಳ್ಳು ಯಾಕೆ ಹೇಳಲಿ? ನಿವೃತ್ತಿಯ ದಿನ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಒಮ್ಮೆ ಕೂತರೆ ಸಾಕು ಅನ್ನಿಸುತ್ತಿದೆ.

ಈ ಆಸ್ಪತ್ರೆಯ ಉಸಿರು ಪರೀಕ್ಷೆಯ ಕೋಣೆಯಲ್ಲಿ ನಾನು ಮಾಡಿದ್ದೇನು? "ಊದಿ, ಊದಿ, ಇನ್ನೂ ಊದಿ" ಎಂದದ್ದು. ಮನೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ನಾನು "ಸಾಲದು, ಇನ್ನೊಂದ್ಸಲ" ಎನ್ನುತ್ತೇನೆಂದು ನಮ್ಮ ಯಜಮಾನರ ದೂರು. ಬಿಡಿ, ಅವರ ನಿಟ್ಟುಸಿರಿಗೆ ಕಾರಣ ನಾನೇ.

ತೀವ್ರ ಅಸ್ತಮಾ ಎನ್ನುತ್ತೇವೆ. ಹೆಸರು ಒಂದೇ, ಕಾಯಿಲೆ ಒಂದೇ ಅಲ್ಲ. ಒಬ್ಬರ ಶ್ವಾಸನಾಳ ಬಾತುಕೊಳ್ಳುವುದು ಇಯೊಸಿನೊಫಿಲ್ ಎಂಬ ರಕ್ತಕಣದ ಕಾಟಕ್ಕೆ, ಇನ್ನೊಬ್ಬರದು ನ್ಯೂಟ್ರೊಫಿಲ್ ಎಂಬ ಬೇರೆ ಕಣದ ಕಾಟಕ್ಕೆ. ಮತ್ತೆ ಕೆಲವರಲ್ಲಿ ಯಾವ ಗುರುತೂ ಸಿಗುವುದಿಲ್ಲ. ಹೊರಗಿನಿಂದ ಕೇಳಿದರೆ ಎಲ್ಲರ ಎದೆಯಲ್ಲೂ ಅದೇ ಸುಂಯ್ ಸದ್ದು. ಅದಕ್ಕೇ ರಕ್ತ ನೋಡುತ್ತೇವೆ, ಉಸಿರಿನಲ್ಲಿ ಬರುವ ಅನಿಲವನ್ನು ಅಳೆಯುತ್ತೇವೆ. ಇಯೊಸಿನೊಫಿಲ್ ಹೆಚ್ಚಿದ್ದವರಿಗೆ ಈಗ ಹೊಸ ಇಂಜೆಕ್ಷನ್ ಇದೆ. ಅದು ಮೈಗೆ ಒಗ್ಗಿದರೆ, ಗೋಡೆ ಹಿಡಿದು ನಡೆಯುತ್ತಿದ್ದವರು ಮೆಟ್ಟಿಲು ಹತ್ತುತ್ತಾರೆ. ಕಡಿಮೆ ಇದ್ದವರಿಗೆ ನಾವು "ನೋಡೋಣ" ಎನ್ನುತ್ತೇವೆ. "ನೋಡೋಣ" ಎಂಬುದೂ ಒಂದು ಔಷಧವೇ, ಸಭಿಕರೇ?

ನನ್ನ ಸ್ವಂತ ಅಕ್ಕನಿಗೆ ನಾವು ವರ್ಷಗಟ್ಟಲೆ ಕೊಟ್ಟದ್ದು ಅದೇ ಔಷಧ. ಅವಳು ಬಟ್ಟೆ ಹೊಲಿಯುವವಳು. ಉಬ್ಬಸ ಜೋರಾದರೆ ಮಷಿನ್ನಿನ ಮೇಲೆಯೇ ತಲೆಯಿಟ್ಟು ಕೂರುತ್ತಾಳೆ. ಆದರೆ ನಮ್ಮಲ್ಲಿಗೆ ಪರೀಕ್ಷೆಗೆ ಬಂದಾಗಲೆಲ್ಲ ರಕ್ತದಲ್ಲೂ ಗುರುತಿಲ್ಲ, ಉಸಿರಿನಲ್ಲೂ ಗುರುತಿಲ್ಲ. ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಇಯೊಸಿನೊಫಿಲ್ ಕಣಗಳು ರಕ್ತದಲ್ಲಿ ಕಾಣದಂತಾಗುತ್ತವೆ, ಉಸಿರಿನ ಗುರುತೂ ಇಳಿಯುತ್ತದೆ. ಹಾಗಾಗಿ ಎಲ್ಲರನ್ನೂ ಕೇಳುವಂತೆ ಅವಳನ್ನೂ ಪ್ರತಿ ಸಲ ಕೇಳುತ್ತಿದ್ದೆ.

"ಅಕ್ಕ, ಮಾತ್ರೆ ಏನಾದ್ರೂ ತಗೊಂಡಿದ್ದೀಯಾ?"

"ಇಲ್ವೇ, ನಿನ್ನಾಣೆ."

ಮೊನ್ನೆ ಮೊನ್ನೆ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಭಾವನಿಗೆ ತಮಾಷೆ ಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. "ನಿಮ್ಮಾಸ್ಪತ್ರೆಗೆ ಬರೋದು ಅಂದ್ರೆ ನಿಮ್ಮಕ್ಕಂಗೆ ಹಿಂದಿನ ದಿನದಿಂದ್ಲೇ ಮಾತ್ರೆ ಶುರು ಕಣಮ್ಮ. ನೆಂಟ್ರು ಬರ್ತಾರೆ ಅಂತ ಮನೆ ಗುಡಿಸಿಡ್ತಾರಲ್ಲ, ಹಾಗೆ ಎದೆ ಗುಡಿಸಿಕೊಂಡು ಬರ್ತಾಳೆ" ಎಂದರು. ಉಬ್ಬಸ ಕೆರಳಿದಾಗ ಮಾತ್ರ ನುಂಗಲೆಂದು ಕೊಟ್ಟಿದ್ದ ಸ್ಟೀರಾಯ್ಡ್ ಮಾತ್ರೆ ಅದು!

ನನಗೆ ಮೈಯೆಲ್ಲ ಉರಿದುಹೋಯಿತು. "ಏನಕ್ಕಾ, ತಲೆ ನೆಟ್ಟಗಿದೆಯಾ ನಿಂಗೆ? ನನ್ನಾಣೆ ಬೇರೆ ಇಟ್ಟೆಯಲ್ಲ!"

ಅವಳು ತಲೆ ಎತ್ತಲಿಲ್ಲ. "ನಿನ್ ಜೊತೆ ಕೆಲ್ಸ ಮಾಡೋರೆಲ್ಲ ಅಲ್ಲೇ ಓಡಾಡ್ತಿರ್ತಾರೆ. ಅವ್ರೆದುರಿಗೆ ನಾನು ಕಫ ಉಗುಳ್ಕೊಂಡು, ಬಾಯಿ ಬಿಟ್ಕೊಂಡು ಕೂತ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

ನೋಡಿ, ಕೆಮ್ಮು ಬಂದರೆ ಎದ್ದು ಆಚೆ ಹೋಗುವುದನ್ನು ಅವಳಿಗೆ ಕಲಿಸಿದ್ದು ನಮ್ಮಮ್ಮ. ನಾಲ್ಕು ಜನ ಸೇರಿದ ಕಡೆ ಅವಳು ಇವತ್ತಿಗೂ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಾಳೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅಮ್ಮ ಇಲ್ಲ. ಅಕ್ಕನ ಮೇಲೆ ಮಾಡಿಕೊಂಡೆ, ಆಮೇಲೆ ಅವಳ ಮನೆಯ ಬಚ್ಚಲಿಗೆ ಹೋಗಿ ಅತ್ತೆ. ವೇದಿಕೆಯಲ್ಲಿ ಹೇಳುವ ಮಾತಲ್ಲ, ಬಾಯಿಗೆ ಬಂತು.

ಅಕ್ಕನನ್ನು ನೋಡುವ ನಮ್ಮ ಡಾಕ್ಟರಮ್ಮನ ಬಳಿ ಎಲ್ಲ ಹೇಳಿದೆ. ಅವರು ಅಕ್ಕನನ್ನು ಬೈಯಲಿಲ್ಲ. ದಿನಾ ಬಾಯಿಂದ ಎಳೆದುಕೊಳ್ಳುವ ಪಂಪು ತಪ್ಪಿಸಬಾರದು, ಪರೀಕ್ಷೆ ಮುಗಿಯುವವರೆಗೆ ಮಾತ್ರೆ ಮುಟ್ಟಬಾರದು, ಉಸಿರು ತೀರಾ ಕಟ್ಟಿದರೆ ತಮ್ಮನ್ನು ಕರೆಯಬೇಕು ಎಂದು ಗೊತ್ತುಮಾಡಿದರು. ನಾಳೆ ಬೆಳಿಗ್ಗೆ ರಕ್ತ ತೆಗೆಯುತ್ತಾರೆ. ಈ ಸಲವಾದರೂ ಗುರುತು ಸಿಕ್ಕರೆ ಇಂಜೆಕ್ಷನ್. ಸಿಗದಿದ್ದರೆ ಮತ್ತೆ ಅದೇ "ನೋಡೋಣ". ನನಗೆ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದಳು. "ನಿನ್ನ ಸಮಾರಂಭ ಕಣೇ, ದೊಡ್ಡೋರೆಲ್ಲ ಇರ್ತಾರೆ. ಒಂದೇ ಒಂದು ಮಾತ್ರೆ ನುಂಗಿ ಬರ್ತೀನಿ" ಎಂದಳು. ನುಂಗಿದರೆ ಬರಲೇಬೇಡ ಎಂದು ಫೋನಿಟ್ಟೆ.

ನಾನು ಮಾತು ಶುರು ಮಾಡಿದಾಗಿನಿಂದ ನೀವೆಲ್ಲ ತಿರುತಿರುಗಿ ನೋಡುತ್ತಿದ್ದೀರಲ್ಲ, ಹಿಂದಿನ ಸಾಲಿನಲ್ಲಿ ಕೆಮ್ಮುತ್ತಿರುವ ಆ ಹೆಂಗಸನ್ನು, ಅವಳೇ ನನ್ನ ಅಕ್ಕ. ಭಯ ಬೇಡ, ಪಕ್ಕದಲ್ಲೇ ಡಾಕ್ಟರಮ್ಮ ಇದ್ದಾರೆ. ದಯವಿಟ್ಟು ಇನ್ನು ತಿರುಗಬೇಡಿ. ನನಗೆ ಬೇರೆ ಉಡುಗೊರೆ ಏನೂ ಬೇಡ, ಸಭಿಕರೇ, ಇಷ್ಟು ಮಾಡಿ.

ಅಕ್ಕಾ, ಏಳ್ಬೇಡ. ಕೂತ್ಕೋ. ಕೂತ್ಕೊಂಡೇ ಕೆಮ್ಮು.

ನನ್ನನ್ನು ಸಹಿಸಿಕೊಂಡದ್ದಕ್ಕೂ ಅವಳನ್ನು ಸಹಿಸಿಕೊಳ್ಳುವುದಕ್ಕೂ ಸೇರಿಸಿ ವಂದನೆಗಳು. ನಮಸ್ಕಾರ.