ಹೊಸ ಪಿಸ್ಟನ್, ಹಳೆಯ ಸೀಲು

ಬೆಳಿಗ್ಗೆ ಎಂಟೂವರೆ ಗಂಟೆ. ಒಂದೂರಿನ ಸೌದೆ ಡಿಪೋದಲ್ಲಿ ಮರ ಕೊಯ್ಯುವ ಮಷಿನ್ ದಿಮ್ಮಿಯ ನಡುವೆ ನಿಂತುಹೋಯಿತು.

ಇಷ್ಟೇ ನಡೆದದ್ದು. ಯಾರ ಕೈಕಾಲಿಗೂ ಪೆಟ್ಟಾಗಲಿಲ್ಲ. ಮಷಿನ್ ನಿಂತಿತು, ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಬರಲಿಲ್ಲ. ಆದರೆ ನೋಡಿ, ಅವತ್ತು ಸಂಜೆಯೊಳಗೆ ಆ ಊರಿನಲ್ಲಿ ಒಬ್ಬ ಮನುಷ್ಯ ಕಳ್ಳನಾಗಿದ್ದ. ಕದಿಯದೆ ಕಳ್ಳನಾಗಿದ್ದ. ಹೇಗೆ? ಅದನ್ನೇ ಹೇಳುತ್ತೇನೆ.

ಹೊಗೆಸೊಪ್ಪು ಬೆಳೆಯುವ ಸೀಮೆ ಅದು. ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ವಿಷಯ: ಸೊಪ್ಪು ಹದ ಮಾಡುವ ಬ್ಯಾರನ್‌ಗೆ ಸೊಪ್ಪು ಏರಿಸಿದ ಮೇಲೆ ಹದ ಬರುವ ತನಕ ಹಗಲೂ ರಾತ್ರಿ ಸೌದೆಯ ಬೆಂಕಿ ಆರುವಂತಿಲ್ಲ. ಬೆಂಕಿ ಇಳಿದರೆ ಸೊಪ್ಪು ಕಪ್ಪಾಗುತ್ತದೆ. ಹಾಗಾಗಿ ಸೀಸನ್‌ನಲ್ಲಿ ಸೌದೆ ಡಿಪೋದವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಂಥ ಹೊತ್ತಿನಲ್ಲಿ ಮಷಿನ್ ನಿಂತಿತು. ಡಿಪೋದ ಸಾಹುಕಾರ ಅದನ್ನು ಸ್ಕೂಟರ್‌ನಲ್ಲಿ ಇಟ್ಟುಕೊಂಡು, ಮಷಿನ್ ಓಡಿಸುತ್ತಿದ್ದ ಕೆಂಡಗಣ್ಣನನ್ನು ಹಿಂದೆ ಕೂರಿಸಿಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಅಂಗಡಿಗೆ ಬಂದ.

ಮೆಕ್ಯಾನಿಕ್‌ನನ್ನು ಊರವರು ಆಚಾರಿ ಎಂದೇ ಕರೆಯುತ್ತಿದ್ದರು. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವನ ಕಥೆ ಕೇಳುವಾಗ ನಾವೆಲ್ಲ ಆರಾಮಾಗಿ ಕೂತಿರುತ್ತೇವೆ. ಆಚಾರಿ ಒಳ್ಳೆಯ ಕೆಲಸಗಾರ. ಕಂಪನಿಯ ಸಾಮಾನು ಬರುವುದು ತಡ ಎಂದು ಲೋಕಲ್ ಬೋರ್-ಪಿಸ್ಟನ್, ಅಂದರೆ ಸಿಲಿಂಡರ್ ಮತ್ತು ಅದರೊಳಗೆ ಓಡಾಡುವ ಪಿಸ್ಟನ್, ತರಿಸುತ್ತಿದ್ದ. ಆದರೆ ಬಂದದ್ದನ್ನು ಬಂದ ಹಾಗೆ ಹಾಕುತ್ತಿರಲಿಲ್ಲ. ಬೋರಿನ ತೂತುಗಳ ಚೂಪು ಅಂಚನ್ನು ಅರದಿಂದ ತಿಕ್ಕಿ ನಯ ಮಾಡುತ್ತಿದ್ದ. ಪಿಸ್ಟನ್ನಿನ ರಿಂಗನ್ನು ಬೋರಿನೊಳಗೆ ಕೂರಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಅಳೆಯುತ್ತಿದ್ದ. ಅವನು ಕಟ್ಟಿದ ಮಷಿನ್ ಹೊಸದರ ಹಾಗೆ ಓಡುತ್ತದೆ ಎಂಬ ಹೆಸರಿತ್ತು.

ಅವನು ಸೈಲೆನ್ಸರ್ ಬಿಚ್ಚಿ ತೂತಿನಿಂದ ಬಗ್ಗಿ ನೋಡಿದ. ಕಂಡಷ್ಟು ಪಿಸ್ಟನ್ ಮೈ ತುಂಬ ಗೀರು.

"ಏನಾಗದೆ ಆಚಾರ್ರೇ?" ಎಂದ ಸಾಹುಕಾರ.

"ಸೀಜ್ ಆಗೋಗದೆ ಯಜಮಾನ್ರೇ, ಪಿಸ್ಟನ್ ಕಾಯ್ದು ಹಿಡ್ಕಂಡದೆ. ಪೆಟ್ರೋಲ್‌ಗೆ ಟೂ-ಟಿ ಎಣ್ಣೆ ಬಿದ್ದಿಲ್ಲ."

ಈ ಮಷಿನ್‌ಗೆ ಎಂಜಿನ್ ಎಣ್ಣೆ ಬೇರೆ ಹಾಕುವುದಿಲ್ಲ. ಪೆಟ್ರೋಲಿನಲ್ಲೇ ಅಳತೆಯಂತೆ ಬೆರೆಸಬೇಕು. ಬೆರೆಸುವ ಕೆಲಸ ಕೆಂಡಗಣ್ಣನದು.

ಅವನು ಗಾಬರಿಯಾದ. "ನನ್ ಮಕ್ಕಳಾಣೆಗೂ ಹಾಕಿವ್ನಿ ಆಚಾರ್ರೇ. ರೇಸ್‌ನಿಂದ ಕೈ ಬುಟ್ರೂ ಮಷಿನ್ ಕೂಗ್ತದೆ, ಇಳಿಯಾಕಿಲ್ಲ ಅಂತ ಹೋದ್ ವಾರ್ವೇ ನಿಮ್ಗೆ ಹೇಳಿರ್ಲಿಲ್ವಾ?"

"ಮಷಿನ್ ಕೂಗ್ದೆ ಇನ್ನೇನ್ ಸೋಬಾನೆ ಹಾಡ್ತದಾ?" ಎಂದ ಆಚಾರಿ. ಅಂಗಡಿಯ ಮುಂದೆ ನಿಂತಿದ್ದವರು ನಕ್ಕರು.

ಸಾಹುಕಾರ ನಗಲಿಲ್ಲ. "ಎಣ್ಣೆ ಡಬ್ಬ ನಾನ್ ಕೈಯಾರೆ ಕೊಟ್ಟಿವ್ನಿ. ಮಷಿನ್‌ಗೆ ಬಿದ್ದಿಲ್ಲ ಅಂದ್ರೆ ಎಲ್ಗೋಯ್ತ್ಲಾ? ತಲೆಗ್ ಹಚ್ಕಂಡಾ? ಇಲ್ಲಾ ಮಾರ್ಕಂಡಾ?"

ನೋಡಿ, ಆಚಾರಿ ಕಳ್ಳ ಎನ್ನಲಿಲ್ಲ. ಎಣ್ಣೆ ಬಿದ್ದಿಲ್ಲ ಎಂದನಷ್ಟೆ. ಮಿಕ್ಕಿದ್ದನ್ನು ಸಾಹುಕಾರ ಹೇಳಿದ. ಅದಕ್ಕೂ ಮಿಕ್ಕಿದ್ದನ್ನು ಊರು ಹೇಳಿತು. ಸಾಹುಕಾರ ಕೆಂಡಗಣ್ಣನನ್ನು ಕೆಲಸದಿಂದ ಬಿಡಿಸಿದ. ಊರಿನ ಇನ್ನೊಂದು ಡಿಪೋದವರು, ಸೀಸನ್‌ನ ನಡುವೆ, ಆಳು ಸಿಗದೆ ಒದ್ದಾಡುವ ಹೊತ್ತಿನಲ್ಲಿ, "ಬೇಡಪ್ಪ" ಎಂದರು. ಹೋಟೆಲಿನಲ್ಲಿ ಅವನಿಗೆ 'ಟೂಟಿ' ಎಂದು ಹೆಸರು ಬಿತ್ತು. ಕೊಳಾಯಿಯ ಹತ್ತಿರ ಅವನ ಹೆಂಡತಿಯನ್ನು, "ಎಣ್ಣೆ ಇದ್ರೆ ಒಸಿ ಕೊಡವ್ವ, ಒಗ್ಗರಣೆಗೆ" ಎಂದರು.

ಇತ್ತ ಆಚಾರಿ ಹೊಸ ಬೋರು, ಹೊಸ ಪಿಸ್ಟನ್ ಕೂರಿಸಿದ. ಅಂಚು ತಿಕ್ಕಿದ, ರಿಂಗ್ ಅಳೆದ. ಒಂದೇ ಒಂದು ಕೆಲಸ ಬಿಟ್ಟ. ಸೀಜ್ ಆದ ಎಂಜಿನ್‌ಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಸೈಕಲ್ ಟ್ಯೂಬಿಗೆ ನೋಡುವುದಿಲ್ಲವೇ, ಹಾಗೇ. ಅದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮತ್ತೇಕೆ ಬಿಟ್ಟ? ತಪ್ಪು ಯಾರದೆಂದು ತೀರ್ಮಾನವಾಗಿತ್ತಲ್ಲ! ತಪ್ಪು ಮಾಡಿದವನು ಸಿಕ್ಕಿದ ಮೇಲೆ ತಪ್ಪನ್ನು ಯಾರು ಹುಡುಕುತ್ತಾರೆ?

ಮಷಿನ್ ಚೆನ್ನಾಗಿ ಓಡಿತು. ಹೊಸ ಆಳು ಬಂದ. ಈ ಸಲ ಸಾಹುಕಾರ ತಾನೇ ನಿಂತು ಎಣ್ಣೆ ಬೆರೆಸಿದ, ಡಬ್ಬವನ್ನು ಬೀಗ ಹಾಕಿ ಇಟ್ಟ. ವಾರ ತುಂಬುವುದರೊಳಗೆ ಮಷಿನ್ ಮತ್ತೆ ನಿಂತಿತು.

"ನಿಮ್ ಡುಪ್ಲಿಕೇಟ್ ಸಾಮಾನು ನೋಡಿ ಆಚಾರ್ರೇ, ವಾರ ಬಾಳಿಲ್ಲ" ಎಂದು ಸಾಹುಕಾರ ಅದನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟುಹೋದ.

ಆಚಾರಿ ಈ ಸಲ ಸೈಲೆನ್ಸರ್ ಕಡೆಯಿಂದಲೂ ನೋಡಿದ, ಕಾರ್ಬುರೇಟರ್ ಕಡೆಯಿಂದಲೂ ನೋಡಿದ. ಗೀರು ಸೈಲೆನ್ಸರ್ ಕಡೆ ಮಾತ್ರ ಇತ್ತು. ಇನ್ನೊಂದು ಮೈ ನುಣ್ಣಗಿತ್ತು. ಗುಜರಿ ಡಬ್ಬದಲ್ಲಿ ಎಸೆದಿದ್ದ ಮೊದಲಿನ ಪಿಸ್ಟನ್ ತೆಗೆದು ಬಟ್ಟೆಯಿಂದ ಒರೆಸಿದ. ಅದರಲ್ಲೂ ಅದೇ ಜಾಗ, ಅದೇ ಗೀರು. ಎಣ್ಣೆಯೇ ಇಲ್ಲದೆ ಓಡಿದ್ದರೆ ಸಾಮಾನ್ಯವಾಗಿ ಸುತ್ತಲೂ ಗೀರು ಬೀಳಬೇಕು. ಮೊದಲ ಸಲ ಪಿಸ್ಟನ್ ಬಿಚ್ಚಿದಾಗಲೂ ಇದು ಅವನ ಕಣ್ಣಿನ ಮುಂದೆಯೇ ಇತ್ತು. ಒಂದು ಕಡೆಯಿಂದ ನೋಡಿ ತೀರ್ಪು ಹೇಳಿದ್ದ.

ಸೈಲೆನ್ಸರ್, ಕಾರ್ಬುರೇಟರ್ ಕಡೆಯ ಎರಡು ತೂತಿಗೂ ರಬ್ಬರ್ ಕೊಟ್ಟು ಬಿಗಿದ. ಪಕ್ಕದ ಮ್ಯಾಗ್ನೆಟ್ ಚಕ್ರ ಬಿಚ್ಚಿ, ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿದ. ಚಕ್ರವಿದ್ದ ಜಾಗದಿಂದ ಗುಳ್ಳೆಗಳು ಸಾಲಾಗಿ ಎದ್ದವು. ಅಲ್ಲಿ ಉಂಗುರದಷ್ಟು ದೊಡ್ಡ ಒಂದು ರಬ್ಬರ್ ಸೀಲು ಇರುತ್ತದೆ. ಹಳೆಯದಾಗಿ, ಗಟ್ಟಿಯಾಗಿ, ಗಾಳಿ ಬಿಡುತ್ತಿತ್ತು. ಗಾಳಿ ಹೆಚ್ಚಾಯಿತು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಇಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಇಲ್ಲ. ಮಷಿನ್ ಕಾಯ್ದು ಹಿಡಿದುಕೊಂಡಿತು. ಕೆಂಡಗಣ್ಣ ಹೇಳಿದ್ದ ಹಾಗೆ, ಕೈ ಬಿಟ್ಟರೂ ಅದು ಕೂಗುತ್ತಿದ್ದದ್ದೂ ಇದೇ ಗಾಳಿಯಿಂದ.

ಈಗ ಹೇಳಿ. ಆಚಾರಿ ಏನು ಮಾಡಬೇಕಿತ್ತು? ತಪ್ಪಿಸಿಕೊಳ್ಳುವ ದಾರಿಯನ್ನು ಸಾಹುಕಾರನೇ ಕೊಟ್ಟುಹೋಗಿದ್ದ. "ಹೌದು ಯಜಮಾನ್ರೇ, ಮಾಲೇ ಸರಿಯಿಲ್ಲ" ಎಂದರೆ ಸಾಕು. ಸದ್ದಿಲ್ಲದೆ ಸೀಲು ಬದಲಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಗಡಿಯ ಹೆಸರು ಉಳಿಯುತ್ತಿತ್ತು. ಸೀಸನ್‌ನ ಗಿರಾಕಿ ಉಳಿಯುತ್ತಿತ್ತು. ಕೆಂಡಗಣ್ಣ ಕಳ್ಳನಾಗಿಯೇ ಉಳಿಯುತ್ತಿದ್ದ.

ಆಚಾರಿ ಅಂಗಡಿಯ ಬಾಗಿಲು ಎಳೆದ. ಆಮೇಲೆ ಮಷಿನ್, ಬಕೆಟ್, ಪಂಪು ತೆಗೆದುಕೊಂಡು ಡಿಪೋಗೆ ಹೋದ. ಆಳುಗಳು ಟೀ ಕುಡಿಯುವ ಹೊತ್ತು. ಎಲ್ಲರ ಮುಂದೆ ಬಕೆಟ್ ಇಟ್ಟು, ಗಾಳಿ ತುಂಬಿ, ಗುಳ್ಳೆ ತೋರಿಸಿದ.

"ಗಾಳಿ ಬುಡ್ತಿರೋದು ಈ ಹಳೇ ಸೀಲು. ಸಾಮಾನು ಚೆನ್ನಾಗದೆ. ಕೆಂಡಗಣ್ಣ ಎಣ್ಣೇನೂ ಹಾಕಿದ್ದ. ನೋಡ್ದೆ ಮಾತಾಡಿದ್ದು ನಾನು."

ಸಾಹುಕಾರನಿಗೆ ಮುಜುಗರವಾಯಿತು. "ಆಗೋಯ್ತು ಬುಡಿ. ನನ್ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಇಷ್ಟ್ ಜನದ ಮುಂದ್ಯಾಕೆ?"

"ಅವತ್ತು ಜನದ ಮುಂದ್ಗಡೇನೆ ಹೇಳಿದ್ದಲ್ವಾ ಯಜಮಾನ್ರೇ?"

ಹಿಂದಿನಿಂದ ಯಾರೋ, "ಅಂಗಾದ್ರೆ ಇನ್ಮೇಕೆ ಆಚಾರ್ರನ್ನೇ ಟೂಟಿ ಅನ್ನದಾ?" ಎಂದರು.

"ಅನ್ನಿ" ಎಂದ ಆಚಾರಿ.

ತಾಯಂದಿರೇ, ಅಣ್ಣಂದಿರೇ, ಹೊಸ ಪಿಸ್ಟನ್ ಹಾಕಿಸುವುದರಲ್ಲಿ ನಾವು ಬಹಳ ಗಟ್ಟಿಗರು. ಮಗ ಓದುತ್ತಿಲ್ಲ, ಟ್ಯೂಷನ್ ಬದಲಿಸಿ. ಸಕ್ಕರೆ ಕಾಯಿಲೆ ಇಳಿಯುತ್ತಿಲ್ಲ, ಡಾಕ್ಟರನ್ನು ಬದಲಿಸಿ; ಹೋಟೆಲಿನ ಜಾಮೂನು ಮಾತ್ರ ಬಿಡಬೇಡಿ! ಮನೆಯಲ್ಲಿ ಜಗಳ ನಿಲ್ಲುತ್ತಿಲ್ಲ, ಸೊಸೆಯದೇ ತಪ್ಪು. ಸೊಸೆ ಬರುವ ಮೊದಲು ಜಗಳ ಇರಲಿಲ್ಲವೇ? ಇತ್ತು. ಆಗ ನಾದಿನಿಯದು ತಪ್ಪು. ಎಲ್ಲಿಂದ ಗಾಳಿ ಬರುತ್ತಿದೆ ಎಂದು ನೋಡಿದವರು ಎಷ್ಟು ಜನ? ಕೈ ಎತ್ತಿ. ಬೇಡ, ಎತ್ತಬೇಡಿ. ಪಕ್ಕದಲ್ಲಿ ಮನೆಯವರು ಕೂತಿದ್ದಾರೆ.

ಇಲ್ಲಿಂದ ಹೋದ ಮೇಲೆ ಇಷ್ಟು ಮಾಡಿ. ಏನಾದರೂ ಕೆಟ್ಟಾಗ "ಯಾರು ಮಾಡಿದ್ದು?" ಎಂಬ ಮಾತು ಬಾಯಿಗೆ ಬರುತ್ತದೆ. ಅದನ್ನು ಒಂದು ಗಳಿಗೆ ಹಿಡಿದುಕೊಳ್ಳಿ. ಎದುರಿಗಿರುವವನು ಏನೋ ಹೇಳುತ್ತಿರುತ್ತಾನೆ, ನಕ್ಕು ತಳ್ಳಿಹಾಕಬೇಡಿ, ಪೂರ್ತಿ ಕೇಳಿ. ಇನ್ನೊಂದು ಕಡೆಯಿಂದಲೂ ಬಗ್ಗಿ ನೋಡಿ. ಅಷ್ಟಾದರೂ ತಪ್ಪಿ ಒಬ್ಬರ ಹೆಸರು ಕೆಡಿಸಿದಿರೋ, ದೇವರ ಮನೆಯ ಬಾಗಿಲು ಹಾಕಿಕೊಂಡು ಕೈ ಮುಗಿದರೆ ಆಗದು. ಹೋಟೆಲಿನಲ್ಲಿ ಆಡಿದ ಮಾತಾದರೆ ಹೋಟೆಲಿಗೇ ಹೋಗಿ. ಮದುವೆ ಮನೆಯಲ್ಲಿ ಆಡಿದ್ದಾದರೆ ಆ ನೆಂಟರನ್ನೇ ಹುಡುಕಿ. ನಾಚಿಕೆಯಾಗುತ್ತದೆ. ಆಗಲಿ. ಇನ್ನೊಬ್ಬರು ಆ ನಾಚಿಕೆಯನ್ನು ನಿಮ್ಮ ಬದಲು ಅನುಭವಿಸುತ್ತಿದ್ದಾರಲ್ಲ.

ಆ ವರ್ಷ ಡಿಪೋದ ಸಾಹುಕಾರ ತನ್ನ ಮಷಿನ್‌ಗಳನ್ನು ಬೇರೆ ಮೆಕ್ಯಾನಿಕ್ ಹತ್ತಿರ ಕೊಟ್ಟ. ಕೆಂಡಗಣ್ಣನನ್ನು ಕೆಲಸಕ್ಕೆ ಮತ್ತೆ ಕರೆದ. ಕೆಂಡಗಣ್ಣ ಹೋಗಲಿಲ್ಲ. ಆಚಾರಿ ಅವನನ್ನು ತನ್ನ ಬೈಕಿನಲ್ಲಿ ಪಕ್ಕದ ಹೋಬಳಿಯ ಡಿಪೋಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ಅಲ್ಲಿಯೂ ಹೇಳಿದ. ಮುಂದಿನ ಸೋಮವಾರದಿಂದ ಕೆಂಡಗಣ್ಣ ಅಲ್ಲಿ ಮರ ಕೊಯ್ಯುವ ಕೆಲಸಕ್ಕೆ ಸೇರಿಕೊಂಡ.